ಆಶ್ರಯಧಾಮದ ಪ್ರಾಣಿಯನ್ನು ಮನೆಗೆ ತರುವ ಮೊದಲು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳ ಧಾಟಿ ಬದಲಾಗಿದೆ. ಯಾವ ತಳಿಯ ಮರಿಯನ್ನು ಎಲ್ಲಿ ಕೊಳ್ಳಬೇಕೆಂದು ಕೇಳುತ್ತಿದ್ದವರ ಜಾಗದಲ್ಲಿ ಈಗ ಆಶ್ರಯಧಾಮದಿಂದ ನಾಯಿಯನ್ನೋ ಬೆಕ್ಕನ್ನೋ ದತ್ತು ಪಡೆಯುವುದು ಹೇಗೆಂದು ಕೇಳುವವರು ಹೆಚ್ಚಾಗಿದ್ದಾರೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ಪ್ರಕರಣದಲ್ಲಿ ನೀಡಿದ ಆದೇಶವು, ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದು ಹೇಳಿದ ಮೇಲೆ ಈ ಪತ್ರಗಳು ಇನ್ನಷ್ಟು ಹೆಚ್ಚಿದವು. ಬೆಂಗಳೂರು ಮಹಾನಗರ ಪಾಲಿಕೆಯ 2023ರ ಸಮೀಕ್ಷೆಯ ಅಂದಾಜಿನಂತೆ ಅಂದು ನಗರವೊಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಅವುಗಳಲ್ಲಿ ಗಾಯಗೊಂಡೋ ಕಾಯಿಲೆಬಿದ್ದೋ ಆಶ್ರಯಧಾಮ ಸೇರಿದವು ಎಷ್ಟೋ ಕಾಲ ಅಲ್ಲಿಯೇ ಉಳಿಯುತ್ತವೆ. ಒಂದು ನಾಯಿ ಮನೆಯೊಂದಕ್ಕೆ ಹೋದರೆ ಅಲ್ಲಿ ಇನ್ನೊಂದು ನಾಯಿಗೆ ಜಾಗವಾಗುತ್ತದೆ ಎಂಬ ಕಾರಣಕ್ಕೆ ಈ ಸಂಚಿಕೆಯ ಇಡೀ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯ ವೈದ್ಯರೇ, ನಾನು ಮತ್ತು ನನ್ನ ಪತ್ನಿ ಇಬ್ಬರೂ ಉದ್ಯೋಗಸ್ಥರು. ಎರಡು ಕೋಣೆಗಳ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಶೆಲ್ಟರ್‌ನಿಂದ ಎರಡು ತಿಂಗಳ ನಾಟಿ ನಾಯಿಮರಿಯೊಂದನ್ನು ತರಬೇಕೆಂದಿದ್ದೇವೆ. ಏನೇನು ವಿಚಾರಿಸಬೇಕು, ಮನೆಯಲ್ಲಿ ಯಾವ ಸಿದ್ಧತೆ ಮಾಡಿಕೊಳ್ಳಬೇಕು?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಮನೆಯ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ‘ಸರಿ, ಸಾಕಿಕೊಳ್ಳಿ’ ಎಂದವರು ಪಕ್ಕದ ಮನೆಯಿಂದ ಒಂದು ದೂರು ಬಂದೊಡನೆ ಮಾತು ಬದಲಿಸುವುದುಂಟು. ಆಗ ಮನೆ ಬದಲಿಸಲಾಗದೆ ನಾಯಿಯನ್ನು ಹಿಂದಿರುಗಿಸುವ ಪ್ರಸಂಗ ಬರುತ್ತದೆ. ಒಮ್ಮೆ ಮನೆ ಕಂಡು ಮತ್ತೆ ಆಶ್ರಯಧಾಮಕ್ಕೆ ಮರಳಿದ ನಾಯಿ, ಮೊದಲಿಗಿಂತ ಹೆಚ್ಚು ಮುದುಡಿಕೊಳ್ಳುತ್ತದೆ.

ಇನ್ನು ಮರಿಯ ವಿಷಯ. ನಿಮ್ಮ ಆಸೆಯನ್ನು ತಣ್ಣಗಾಗಿಸುವ ಉದ್ದೇಶ ನನಗಿಲ್ಲ, ಆದರೆ ನಿಮ್ಮಿಬ್ಬರ ದಿನಚರಿಗೆ ಎರಡು ತಿಂಗಳ ಮರಿ ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ವಯಸ್ಸಿನ ಮರಿಗೆ ದಿನಕ್ಕೆ ನಾಲ್ಕು ಬಾರಿ ಆಹಾರ ಬೇಕು, ಎರಡು ಗಂಟೆಗೊಮ್ಮೆಯಾದರೂ ಮೂತ್ರಕ್ಕೆ ಕರೆದೊಯ್ಯಬೇಕು, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಲಸಿಕೆಗಳು ನಡೆಯುತ್ತಿರುವುದರಿಂದ ಬೇರೆ ನಾಯಿಗಳು ಓಡಾಡುವ ನೆಲದಲ್ಲಿ ಬಿಡುವಂತಿಲ್ಲ. ಇಬ್ಬರೂ ಬೆಳಿಗ್ಗೆ ಹೊರಟು ಸಂಜೆ ಬರುವ ಮನೆಯಲ್ಲಿ ಅದು ಹಸಿದು, ಒದ್ದೆಯಲ್ಲಿ ಮಲಗಿ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾ ಬೆಳೆಯುತ್ತದೆ. ಅದರ ಬದಲು ಎರಡು ವರ್ಷ ದಾಟಿದ ನಾಯಿಯನ್ನು ನೋಡಿ. ಅದರ ಗಾತ್ರ ಎಷ್ಟೆಂದು ಕಣ್ಣಿಗೆ ಕಾಣುತ್ತದೆ, ಸ್ವಭಾವ ಹೇಗೆಂದು ಅದನ್ನು ನೋಡಿಕೊಳ್ಳುವ ಸಿಬ್ಬಂದಿ ಹೇಳಬಲ್ಲರು, ಹಲವು ಗಂಟೆ ಮೂತ್ರ ತಡೆದುಕೊಳ್ಳುವ ಶಕ್ತಿಯೂ ಅದಕ್ಕಿರುತ್ತದೆ. ಬಂದವರೆಲ್ಲ ಮರಿಗಳನ್ನೇ ಕೇಳುವುದರಿಂದ ಒಳ್ಳೆಯ ಗುಣದ ದೊಡ್ಡ ನಾಯಿಗಳು ಬೋನಿನ ಹಿಂದೆ ಉಳಿದುಬಿಡುತ್ತವೆ ಎಂಬ ಸಂಕಟವೂ ನನ್ನ ಈ ಸಲಹೆಯ ಹಿಂದಿದೆ.

ಬೆಂಗಳೂರಿನಲ್ಲಿ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಮುಂತಾದ ಪ್ರಾಣಿರಕ್ಷಣಾ ಸಂಸ್ಥೆಗಳು ದತ್ತು ಕೊಡುವ ಕೆಲಸವನ್ನೂ ಮಾಡುತ್ತವೆ. ಯಾವ ಸಂಸ್ಥೆಗೆ ಹೋದರೂ ಅರ್ಜಿ, ಮಾತುಕತೆ, ಕೆಲವೊಮ್ಮೆ ಮನೆಯ ಪರಿಶೀಲನೆ, ಕೊನೆಗೊಂದು ಕರಾರುಪತ್ರ ಇರಬಹುದು. ಇಷ್ಟೊಂದು ಪ್ರಶ್ನೆ ಏಕೆಂದು ಬೇಸರಿಸಬೇಡಿ. ಹೆಚ್ಚು ಪ್ರಶ್ನೆ ಕೇಳುವ ಸಂಸ್ಥೆಯನ್ನೇ ನಾನು ಹೆಚ್ಚು ನಂಬುತ್ತೇನೆ. ನೀವೂ ಅಷ್ಟೇ ಪ್ರಶ್ನೆಗಳನ್ನು ಕೇಳಿ. ನಾಯಿ ಎಲ್ಲಿ ಸಿಕ್ಕಿತು, ಎಷ್ಟು ಕಾಲದಿಂದ ಅಲ್ಲಿದೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಲಸಿಕೆಯ ಪುಸ್ತಕದಲ್ಲಿ ಕೊನೆಯ ದಿನಾಂಕ ಯಾವುದು, ರಕ್ತ ಹೀರುವ ಉಣ್ಣೆಹುಳುಗಳಿಂದ ಹರಡುವ ಉಣ್ಣೆಜ್ವರ ಬಂದಿತ್ತೇ, ಈಗ ಏನು ತಿನ್ನುತ್ತಿದೆ, ಹೆಲ್ಮೆಟ್ ಹಾಕಿದವರನ್ನು ಕಂಡರೆ ಏನು ಮಾಡುತ್ತದೆ, ಬೇರೆ ನಾಯಿಗಳೊಡನೆ ಹೇಗಿದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಬೀದಿಯಿಂದ ಹಿಡಿದು ಶಸ್ತ್ರಚಿಕಿತ್ಸೆ ಮಾಡಿದ ನಾಯಿಗಳ ಕಿವಿಯ ತುದಿಯಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತು ಇರುತ್ತದೆ. ಅದನ್ನು ಗಾಯವೆಂದು ತಿಳಿಯಬೇಡಿ. ಸಾಧ್ಯವಾದರೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅದೇ ನಾಯಿಯನ್ನು ನೋಡಿ, ಹಗ್ಗ ಹಿಡಿದು ಸ್ವಲ್ಪ ದೂರ ನಡೆಸಿ. ಬೋನಿನೊಳಗೆ ಕೂಗಾಡುವ ನಾಯಿ ಬೇಲಿ ದಾಟಿದೊಡನೆ ಶಾಂತವಾಗುವುದನ್ನು ನಾನು ಬಹಳ ಕಂಡಿದ್ದೇನೆ.

ಮನೆಯ ಸಿದ್ಧತೆಗೆ ಹಣ ಖರ್ಚು ಮಾಡುವುದಕ್ಕಿಂತ ಅಪಾಯದ ವಸ್ತುಗಳನ್ನು ಎತ್ತಿಡುವುದು ಮುಖ್ಯ. ಅಡುಗೆಮನೆಯ ಮೂಲೆಯಲ್ಲೋ ಮಂಚದ ಕೆಳಗೋ ಎಂದೋ ಇಟ್ಟು ಮರೆತ ಇಲಿಪಾಷಾಣವನ್ನು ಹುಡುಕಿ ತೆಗೆಯಿರಿ. ಬಟ್ಟೆ ಬೀರುವಿನ ನುಸಿಗುಳಿಗೆಗಳು, ಮೇಜಿನ ಮೇಲೆ ಬಿಟ್ಟ ಮಾತ್ರೆಗಳು, ನೆಲಮಟ್ಟದಲ್ಲಿ ತೂಗುವ ಮೊಬೈಲ್ ಚಾರ್ಜರಿನ ತಂತಿಗಳು ಎಲ್ಲವೂ ಮೇಲಕ್ಕೆ ಹೋಗಲಿ. ನಮ್ಮ ಅಡುಗೆಮನೆಯಲ್ಲಿ ನಾಯಿಗೆ ವಿಷವಾಗುವ ಪದಾರ್ಥಗಳೇ ಸಾಕಷ್ಟಿವೆ: ಈರುಳ್ಳಿ ಮತ್ತು ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ, ದ್ರಾಕ್ಷಿ ಹಾಗೂ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಚಾಕೊಲೇಟು ಹೃದಯವನ್ನು ಕೆಡಿಸುತ್ತದೆ. ಬೇಯಿಸಿದ ಕೋಳಿಮೂಳೆ ಸೀಳಿ ಚೂಪಾಗುವುದರಿಂದ ಅದನ್ನು ಕೊಡಲೇಬಾರದು. ಕುಂಡಗಳಲ್ಲಿ ಕಣಗಿಲೆ ಇದ್ದರೆ ಬೇರೆಯವರಿಗೆ ಕೊಟ್ಟುಬಿಡಿ. ಬಾಲ್ಕನಿಯ ಸರಳುಗಳ ನಡುವೆ ನಾಯಿಯ ತಲೆ ತೂರುವಂತಿದ್ದರೆ ಕೆಳಭಾಗಕ್ಕೆ ಜಾಲರಿ ಕಟ್ಟಿಸಿ.

ಆಮೇಲೆ ಅದಕ್ಕೊಂದು ಮೂಲೆ ಗೊತ್ತುಮಾಡಿ. ಅದು ಬಾಗಿಲ ಬಳಿ ಇರಬಾರದು, ಜನ ದಾಟಿಕೊಂಡು ಓಡಾಡುವ ಹಾದಿಯಲ್ಲೂ ಇರಬಾರದು. ಎರಡು ಕಡೆ ಗೋಡೆಯಿರುವ, ಅಲ್ಲಿಂದ ಮನೆಯವರೆಲ್ಲ ಕಾಣುವ ಜಾಗ ಒಳ್ಳೆಯದು. ಒಂದು ದಪ್ಪ ಗೋಣಿಚೀಲ, ಅದರ ಮೇಲೊಂದು ಹಳೆಯ ಹತ್ತಿಬಟ್ಟೆ, ಪಕ್ಕದಲ್ಲಿ ಭಾರವಾದ ನೀರಿನ ಪಾತ್ರೆ ಇದ್ದರೆ ಮೊದಲ ತಿಂಗಳಿಗೆ ಸಾಕು. ಹಾಸಿಗೆ, ಆಟಿಕೆ ಎಂದು ಅಂಗಡಿಗೆ ಹೋಗುವ ಹಣದಲ್ಲಿ ಗಟ್ಟಿಯಾದ ಬೆಲ್ಟು, ಎದೆಗೆ ಹಾಕುವ ಪಟ್ಟಿ ಮತ್ತು ಒಳ್ಳೆಯ ಹಗ್ಗ ಕೊಳ್ಳಿ. ಹೆಸರಿನ ಬಿಲ್ಲೆಯ ಮೇಲೆ ನಿಮ್ಮ ಮೊಬೈಲ್ ಸಂಖ್ಯೆ ಮೊದಲ ದಿನವೇ ಇರಲಿ.

ಇಬ್ಬರಲ್ಲಿ ಒಬ್ಬರಾದರೂ ಒಂದು ವಾರ ರಜೆ ಹಾಕಿ. ಆದರೆ ಆ ವಾರವಿಡೀ ಅದರ ಪಕ್ಕದಲ್ಲೇ ಕುಳಿತಿದ್ದು, ಸೋಮವಾರ ಬೆಳಿಗ್ಗೆ ಒಮ್ಮೆಲೇ ಒಂಬತ್ತು ಗಂಟೆ ಕಣ್ಮರೆಯಾದರೆ ನಾಯಿ ಗಾಬರಿಯಿಂದ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ. ಎರಡು ಮೂರನೆಯ ದಿನದಿಂದಲೇ ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಎಂದು ಬೀಗ ಹಾಕಿ ಹೊರಗೆ ಹೋಗಿ ಬನ್ನಿ. ಹೋಗುವಾಗಲೂ ಬರುವಾಗಲೂ ಮುದ್ದಾಟ ಬೇಡ. ಹೋದವರು ಬಂದೇ ಬರುತ್ತಾರೆಂಬ ನಂಬಿಕೆ ಅದಕ್ಕೆ ಹೀಗೆಯೇ ಬರಬೇಕು. ರಜೆ ಮುಗಿದ ಮೇಲೂ ಮಧ್ಯಾಹ್ನ ಒಮ್ಮೆ ಹೊರಗೆ ಕರೆದೊಯ್ಯಲು ನಂಬಿಕಸ್ಥರೊಬ್ಬರನ್ನು ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಡಾಕ್ಟರೇ, ನಾಲ್ಕು ದಿನಗಳ ಹಿಂದೆ ಮೂರು ವರ್ಷದ ಹೆಣ್ಣು ನಾಯಿಯನ್ನು ದತ್ತು ತಂದೆವು. ಬಂದಾಗಿನಿಂದ ಮಂಚದ ಕೆಳಗೆ ಮಲಗಿದೆ. ಕರೆದರೆ ಬರುವುದಿಲ್ಲ, ನಾವು ಎದುರಿಗಿದ್ದರೆ ತಿನ್ನುವುದಿಲ್ಲ. ಆಶ್ರಯಧಾಮದಲ್ಲಿ ಬಾಲ ಅಲ್ಲಾಡಿಸುತ್ತಿದ್ದ ನಾಯಿ ಇದೇನಾ ಅನ್ನಿಸುತ್ತಿದೆ. ಇದಕ್ಕೆ ನಾವು ಇಷ್ಟವಾಗಿಲ್ಲ, ವಾಪಸ್ಸು ಬಿಟ್ಟುಬರೋಣ ಎನ್ನುತ್ತಿದ್ದಾರೆ ನಮ್ಮ ಯಜಮಾನರು. ಏನು ಮಾಡಲಿ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ದಯವಿಟ್ಟು ಬಿಟ್ಟುಬರಬೇಡಿ, ಇನ್ನೂ ಕಾಯಿರಿ. ನಾಲ್ಕು ದಿನದಲ್ಲಿ ಕಾಣುವುದು ನಾಯಿಯ ಗುಣವಲ್ಲ, ಅದರ ಹೆದರಿಕೆ. ಬೇರೆ ನಾಯಿಗಳ ಸದ್ದು, ಪರಿಚಿತ ವಾಸನೆ, ಗೊತ್ತಿದ್ದ ಹೊತ್ತಿಗೆ ಬರುತ್ತಿದ್ದ ಊಟ ಎಲ್ಲವೂ ಒಂದೇ ದಿನ ಇಲ್ಲವಾಗಿ, ಮಿಕ್ಸಿಯ ಸದ್ದು, ಟಿ.ವಿ., ಕುಕ್ಕರಿನ ಸೀಟಿ, ತಿರುಗುವ ಫ್ಯಾನು ತುಂಬಿದ ಮನೆಯೊಳಗೆ ಅದು ಬಂದುಬಿದ್ದಿದೆ. ನುಣುಪಾದ ಟೈಲ್ಸ್ ನೆಲದ ಮೇಲೆ ಹಿಂದೆಂದೂ ಕಾಲಿಡದ ನಾಯಿಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುವುದೂ ಭಯದ ಕೆಲಸ. ಮೊದಲ ಮೂರು ದಿನ ದಿಗ್ಭ್ರಮೆ, ಮೂರು ವಾರಕ್ಕೆ ಮನೆಯ ದಿನಚರಿಯ ಪರಿಚಯ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ ಎಂದು ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಅದು ಸ್ಥೂಲವಾದ ಲೆಕ್ಕ ಅಷ್ಟೆ. ಹಿಂದೆ ಪೆಟ್ಟು ತಿಂದ ನಾಯಿಗಳಿಗೆ ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಗುತ್ತದೆ.

ಮಂಚದ ಕೆಳಗಿನ ಜಾಗ ಸದ್ಯಕ್ಕೆ ಅದರದ್ದೇ ಆಗಿರಲಿ. ಕೈ ಹಾಕಿ ಎಳೆಯುವುದು, ಬಗ್ಗಿ ಇಣುಕಿ ಮಾತನಾಡಿಸುವುದು, ನೆಂಟರನ್ನು ಕರೆದು ತೋರಿಸುವುದು ಯಾವುದೂ ಬೇಡ. ಮೂಲೆಗೆ ಸಿಕ್ಕಿದ ನಾಯಿಗೆ ಓಡಲು ದಾರಿಯಿಲ್ಲದಾಗ ಅದು ಕಚ್ಚಬಹುದು, ಆಗ ತಪ್ಪೆಲ್ಲ ನಾಯಿಯ ಮೇಲೆ ಬರುತ್ತದೆ. ದಿನಕ್ಕೆ ಎರಡು ಮೂರು ಬಾರಿ ನೀವು ಮಂಚದಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ, ಅದಕ್ಕೆ ಬೆನ್ನು ಅಥವಾ ಪಕ್ಕೆ ಮಾಡಿ ಕುಳಿತು ಸೊಪ್ಪು ಬಿಡಿಸಿ, ಪತ್ರಿಕೆ ಓದಿ. ಏಳುವಾಗ ಬೇಯಿಸಿದ ಕೋಳಿಮಾಂಸದ ಒಂದು ಚೂರನ್ನೋ ಮೊಟ್ಟೆಯ ತುಣುಕನ್ನೋ ಅಲ್ಲಿಯೇ ಇಟ್ಟು ತಿರುಗಿ ನೋಡದೆ ಎದ್ದುಹೋಗಿ. ಒಂದು ದಿನ ಮೂತಿ ಹೊರಬರುತ್ತದೆ, ಇನ್ನೊಂದು ದಿನ ಮುಂಗಾಲು ಬರುತ್ತದೆ. ಆಗಲೂ ತಲೆಯ ಮೇಲೆ ಕೈಯಿಡಬೇಡಿ. ಅಂಗೈ ಕೆಳಗೆ ಚಾಚಿ, ಅದು ಮೂಸಿದ ಮೇಲೆ ಎದೆಯ ಬಳಿ ಅಥವಾ ಕೆನ್ನೆಯ ಕೆಳಗೆ ಮೆಲ್ಲನೆ ಕೆರೆಯಿರಿ.

ಆಶ್ರಯಧಾಮದಲ್ಲಿ ಕೊಡುತ್ತಿದ್ದ ಆಹಾರವನ್ನೇ ಅದೇ ಹೊತ್ತಿಗೆ ಕೊಡಿ. ಹೊಸ ಆಹಾರಕ್ಕೆ ಬದಲಿಸುವುದಿದ್ದರೆ ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಹೋಗಬೇಕು, ಇಲ್ಲವಾದರೆ ಭೇದಿ ಹಿಡಿಯುತ್ತದೆ. ಬಂದ ವಾರದಲ್ಲೇ ಸ್ನಾನ ಮಾಡಿಸುವುದೂ ಬೇಡ.

ಒಂದು ಎಚ್ಚರಿಕೆ ಮಾತ್ರ ಇದೆ. ಇದೆಲ್ಲ ಹೆದರಿಕೆಯೇ ಎಂದು ಕುಳಿತುಬಿಡಬಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ತಟ್ಟೆ ಖಾಲಿಯಾಗುತ್ತಿದ್ದರೆ, ನೀರು ಕಡಿಮೆಯಾಗುತ್ತಿದ್ದರೆ ಚಿಂತೆಯಿಲ್ಲ. ಒಂದು ಹಗಲು ಒಂದು ರಾತ್ರಿ ನೀರನ್ನೂ ಮುಟ್ಟದಿದ್ದರೆ, ಎರಡು ದಿನ ಪೂರ್ತಿ ಏನೂ ತಿನ್ನದಿದ್ದರೆ, ವಾಂತಿ ಭೇದಿ ಇದ್ದರೆ ಅಥವಾ ಮೈ ಬಿಸಿಯೆನಿಸಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ನಮ್ಮ ಕಡೆ ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಸೋಂಕುಗಳು ಬಹಳ ಸಾಮಾನ್ಯ. ಸೋಂಕು ತಗುಲಿದ ಕೆಲವು ವಾರಗಳ ನಂತರವೂ ಲಕ್ಷಣ ಕಾಣಿಸಿಕೊಳ್ಳಬಹುದಾದ್ದರಿಂದ ಆಶ್ರಯಧಾಮದಲ್ಲಿ ಆರೋಗ್ಯವಾಗಿದ್ದ ನಾಯಿಯೂ ನಿಮ್ಮ ಮನೆಗೆ ಬಂದ ಮೇಲೆ ಮಂಕಾಗಬಹುದು. ತುಟಿಯನ್ನು ಮೆಲ್ಲನೆ ಎತ್ತಿ ವಸಡನ್ನು ನೋಡಿ: ನಸುಗೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದರೆ, ಮೂಗಿನಿಂದ ರಕ್ತ ಬಂದರೆ ಪ್ಲೇಟ್‌ಲೆಟ್‌ಗಳು ಕುಸಿದಿರಬಹುದು, ರಕ್ತಪರೀಕ್ಷೆ ತಡಮಾಡಬಾರದು. ಬೇಗ ಚಿಕಿತ್ಸೆ ದೊರೆತರೆ ಹೆಚ್ಚಿನವು ಗುಣವಾಗುತ್ತವೆ. ಮನುಷ್ಯರ ಜ್ವರದ ಮಾತ್ರೆಯನ್ನು ಮಾತ್ರ ಕೊಡಬೇಡಿ.

ಇನ್ನು ನಿಮ್ಮ ಯಜಮಾನರಿಗೆ ಒಂದು ಕೆಲಸ ವಹಿಸಿ. ಮೊದಲ ಕೆಲವು ವಾರಗಳಲ್ಲಿ ನಾಯಿ ಕಳೆದುಹೋಗುವುದು ಹೆಚ್ಚು, ಅದೂ ಬಹುತೇಕ ಹಾಲಿನವರೋ ಕೊರಿಯರ್‌ನವರೋ ಬಂದು ಬಾಗಿಲು ತೆರೆದ ಆ ಒಂದು ಗಳಿಗೆಯಲ್ಲಿ. ಗೇಟಿಗೆ ಚಿಲಕ ಬಿದ್ದಿದೆಯೇ ಎಂದು ಅವರು ನೋಡಿಕೊಳ್ಳಲಿ. ಹೊರಗೆ ಕರೆದೊಯ್ಯುವಾಗ ಕತ್ತಿನ ಬೆಲ್ಟಿಗೊಂದು, ಎದೆಪಟ್ಟಿಗೊಂದು ಹೀಗೆ ಎರಡು ಹಗ್ಗ ಇರಲಿ. ಬೆಲ್ಟಿಗೂ ಕತ್ತಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟೇ ಜಾಗವಿರಬೇಕು. ಅದಕ್ಕಿಂತ ಸಡಿಲವಾದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಳ್ಳುತ್ತದೆ. ದೀಪಾವಳಿ ಹತ್ತಿರವಿದ್ದರೆ ಪಟಾಕಿ ಮುಗಿಯುವವರೆಗೆ ಸಂಜೆಯ ನಡಿಗೆಯನ್ನು ಬಿಸಿಲಿರುವಾಗಲೇ ಮುಗಿಸಿಬಿಡಿ. ನಾಯಿಯ ಹೊಣೆಯಲ್ಲಿ ಪಾಲು ಪಡೆದವರು ಅದನ್ನು ಬಿಟ್ಟುಬರುವ ಮಾತನ್ನು ಕಡಿಮೆ ಆಡುತ್ತಾರೆ.

ಪ್ರಶ್ನೆ: ನಮ್ಮದು ಕೂಡುಕುಟುಂಬ, ಸಂಪೂರ್ಣ ಸಸ್ಯಾಹಾರಿಗಳು. ಅಜ್ಜಿಗೆ ಮಡಿ ಹೆಚ್ಚು. ಮಕ್ಕಳು ಆಶ್ರಯಧಾಮದ ನಾಯಿ ಬೇಕೆಂದು ಹಟ ಹಿಡಿದಿದ್ದಾರೆ. ಮಾಂಸ, ಮೊಟ್ಟೆ ಇಲ್ಲದೆ ನಾಯಿಯನ್ನು ಸಾಕಬಹುದೇ? ರೊಟ್ಟಿ, ಹಾಲು, ಅನ್ನ ಸಾಲದೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಾಯಿಯನ್ನು ಸಾಕಬಹುದು, ಬೆಕ್ಕನ್ನು ಸಾಕಲಾಗದು. ಬೆಕ್ಕಿನ ದೇಹಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸದಿಂದಲೇ ಬರಬೇಕು. ಅದಿಲ್ಲದೆ ಕಣ್ಣೂ ಹೃದಯವೂ ಕೆಡುತ್ತವೆ. ನಾಯಿಯ ಕರುಳು ಧಾನ್ಯದ ಪಿಷ್ಟವನ್ನೂ ಅರಗಿಸಿಕೊಳ್ಳಬಲ್ಲುದು. ಆದರೆ ಜೋಳದ ರೊಟ್ಟಿ, ಹಾಲು, ಅನ್ನ ಇಷ್ಟರಲ್ಲೇ ಬೆಳೆದ ನಾಯಿಯ ಹೊಟ್ಟೆ ತುಂಬಿದರೂ ಮಾಂಸಖಂಡ ಸೊರಗುತ್ತದೆ, ಕೂದಲು ಒರಟಾಗುತ್ತದೆ. ಹಾಲು ಅನೇಕ ದೊಡ್ಡ ನಾಯಿಗಳಿಗೆ ಜೀರ್ಣವಾಗುವುದಿಲ್ಲ, ಮೊಸರು ಮೇಲು. ಪೂರ್ಣ ಪೋಷಣೆಯ ಸಸ್ಯಾಹಾರಿ ನಾಯಿ ಆಹಾರಗಳು ಮಾರುಕಟ್ಟೆಯಲ್ಲಿವೆ. ಅದನ್ನೇ ಮುಖ್ಯ ಊಟವಾಗಿಟ್ಟು, ಜೊತೆಗೆ ಚೆನ್ನಾಗಿ ಬೆಂದ ಬೇಳೆ, ಪನೀರು, ಮೊಸರು, ಕುಂಬಳ, ಗಜ್ಜರಿ ಕೊಡಿ. ನೀವು ಉಳ್ಳಾಗಡ್ಡಿ ಬಳಸುವವರಾದರೆ ಮನೆಯ ಪಲ್ಯ, ಸಾರು ಅದರ ತಟ್ಟೆಗೆ ಹೋಗಬಾರದು. ಬೆಳೆಯುವ ಮರಿಗೆ ಇಂಥ ಆಹಾರವನ್ನು ಹೊಂದಿಸುವುದು ಕಷ್ಟವಾದ್ದರಿಂದ ನಿಮ್ಮ ಮನೆಗೂ ವಯಸ್ಕ ನಾಯಿಯೇ ಸರಿ, ಮತ್ತು ವರ್ಷಕ್ಕೊಮ್ಮೆ ಅದರ ತೂಕ ಹಾಗೂ ರಕ್ತವನ್ನು ಪರೀಕ್ಷಿಸಬೇಕು.

ನನಗೆ ಊಟಕ್ಕಿಂತ ಅಜ್ಜಿಯ ಮಾತೇ ದೊಡ್ಡದಾಗಿ ಕಾಣುತ್ತಿದೆ. ಮನೆಯ ಹಿರಿಯರೊಬ್ಬರು ಒಳಗೊಳಗೇ ಬೇಡವೆನ್ನುತ್ತಿದ್ದರೆ, ಮಕ್ಕಳು ಶಾಲೆಗೆ ಹೋದ ಮೇಲೆ ಹಗಲಿಡೀ ಆ ನಾಯಿಯೊಡನೆ ಇರುವವರು ಅವರೇ ಎಂಬುದನ್ನು ನೆನಪಿಡಿ. ಅವರ ಮಡಿಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. ದೇವರಮನೆ ಮತ್ತು ಅಡುಗೆಮನೆಯ ಹೊಸ್ತಿಲು ದಾಟಬಾರದೆಂಬುದನ್ನು ನಾಯಿ ಖಂಡಿತ ಕಲಿಯುತ್ತದೆ: ಮೊದಲ ದಿನದಿಂದಲೇ ಅಲ್ಲಿ ಮೊಣಕಾಲೆತ್ತರದ ಹಲಗೆ ಅಡ್ಡವಿರಲಿ, ಹೊಸ್ತಿಲಿನ ಹೊರಗೆ ಕುಳಿತಾಗ ಮಾತ್ರ ತಿನಿಸು ಸಿಗಲಿ, ಮನೆಯ ಎಲ್ಲರೂ ಒಂದೇ ನಿಯಮ ಪಾಲಿಸಲಿ. ಒಬ್ಬರು ಬೇಡವೆಂದು ಇನ್ನೊಬ್ಬರು ಕದ್ದು ಒಳಗೆ ಕರೆದರೆ ನಾಯಿ ಗೊಂದಲಕ್ಕೆ ಬೀಳುತ್ತದೆ, ಹೊಡೆತವೂ ಅದಕ್ಕೇ ಬೀಳುತ್ತದೆ. ಆಯ್ಕೆಯ ದಿನ ಅಜ್ಜಿಯನ್ನೂ ಆಶ್ರಯಧಾಮಕ್ಕೆ ಕರೆದುಕೊಂಡು ಹೋಗಿ. ಅವರು ನೋಡಿದ ಮೇಲೂ ಬೇಡವೆಂದರೆ ಈ ವರ್ಷ ತರಬೇಡಿ.

ಪ್ರಶ್ನೆ: ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ನಮ್ಮಲ್ಲಿ ಈಗಾಗಲೇ ಆರು ವರ್ಷದ ಬೆಕ್ಕಿದೆ. ಇನ್ನೊಂದು ಬೆಕ್ಕನ್ನು ದತ್ತು ತರುವ ಯೋಚನೆ. ಎರಡೂ ಜಗಳವಾಡದಂತೆ ಏನು ಮಾಡಬೇಕು?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಜಗಳಕ್ಕಿಂತ ಮೊದಲು ಬಾಲ್ಕನಿಯನ್ನು ನೋಡೋಣ. ಬೆಕ್ಕು ಎಷ್ಟೆತ್ತರದಿಂದ ಬಿದ್ದರೂ ಕಾಲಿನ ಮೇಲೆ ಇಳಿಯುತ್ತದೆಂಬ ನಂಬಿಕೆಯಿಂದ ಬಹಳ ಬೆಕ್ಕುಗಳು ಸತ್ತಿವೆ. ಕಾಲಿನ ಮೇಲೆ ಬಿದ್ದರೂ ದವಡೆ, ಎದೆ, ಕಾಲಿನ ಎಲುಬು ಮುರಿಯುತ್ತವೆ. ಪಾರಿವಾಳ ತಡೆಯಲು ಕಟ್ಟುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಹಲ್ಲಿನಿಂದ ಕಡಿಯಬಲ್ಲುದು, ಅದೇ ಪಾರಿವಾಳವನ್ನು ಕಂಡು ಅದರ ಮೇಲೆ ನೆಗೆಯಲೂಬಹುದು. ದಪ್ಪ ಬಲೆ ಅಥವಾ ಲೋಹದ ಜಾಲರಿಯನ್ನು ಕೆಳಗಿನ ಅಂಚಿನಲ್ಲೂ ಕೊಕ್ಕೆ ಹಾಕಿ ಬಿಗಿಸಿ. ಸೊಳ್ಳೆಪರದೆಯ ಕಿಟಕಿಯನ್ನು ನಂಬಬೇಡಿ.

ಎರಡನೆಯದು ಫಿನಾಯಿಲ್. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಹೊರಹಾಕುವ ಶಕ್ತಿ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅದು ವಿಷ ಸೇವಿಸಿದಂತೆ. ಬಿಸಿನೀರು, ಸೌಮ್ಯ ಸಾಬೂನು ಸಾಕು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಉಣ್ಣೆಔಷಧವನ್ನೂ ಬೆಕ್ಕಿಗೆ ಹಚ್ಚಬಾರದು. ಹೂದಾನಿಯಲ್ಲಿ ಲಿಲ್ಲಿ ಹೂವು ಬೇಡ.

ಹೊಸ ಬೆಕ್ಕನ್ನು ಎರಡು ವಾರವಾದರೂ ಬೇರೆ ಕೋಣೆಯಲ್ಲಿ, ಅದರದೇ ಮರಳಿನ ತಟ್ಟೆ, ನೀರು, ಅಡಗಿಕೊಳ್ಳಲು ಮಗುಚಿದ ರಟ್ಟಿನ ಪೆಟ್ಟಿಗೆಯೊಡನೆ ಇಡಿ. ಆ ಅವಧಿಯಲ್ಲಿ ಕಾಯಿಲೆಯೇನಾದರೂ ಇದ್ದರೆ ಹೊರಬೀಳುತ್ತದೆ. ಹಳೆಯ ಬೆಕ್ಕಿನ ಲಸಿಕೆ ಬಾಕಿಯಿದ್ದರೆ ಹೊಸದು ಬರುವ ಮೊದಲೇ ಮುಗಿಸಿ. ಬೆಕ್ಕುಗಳಿಗೆ ವಾಸನೆಯ ಪರಿಚಯ ಮೊದಲು, ಮುಖಾಮುಖಿ ಆಮೇಲೆ. ಒಂದರ ಮೈ ಒರೆಸಿದ ಬಟ್ಟೆಯನ್ನು ಇನ್ನೊಂದರ ಹಾಸಿಗೆಯ ಬಳಿ ಇಡಿ, ಮುಚ್ಚಿದ ಬಾಗಿಲ ಎರಡೂ ಬದಿಗೆ ತಟ್ಟೆಯಿಟ್ಟು ಊಟ ಕೊಡಿ, ಬುಸುಗುಟ್ಟದೆ ತಿನ್ನತೊಡಗಿದ ಮೇಲೆ ಬಾಗಿಲನ್ನು ಎರಡು ಬೆರಳಿನಷ್ಟು ತೆರೆಯಿರಿ. ಮರಳಿನ ತಟ್ಟೆ ಎರಡು ಬೆಕ್ಕಿಗೆ ಮೂರು ಇರಲಿ. ಹೊಸ ಬೆಕ್ಕು ಹೆದರಿ ಒಂದು ಹೊತ್ತು ಉಪವಾಸವಿದ್ದರೆ ಪರವಾಗಿಲ್ಲ, ಆದರೆ ಎರಡನೆಯ ದಿನವೂ ಏನೂ ತಿನ್ನದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ. ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ. ನಿಮ್ಮೂರಿನ ಅನಿಮಲ್ ಕೇರ್ ಟ್ರಸ್ಟ್‌ನಂತಹ ಕಡೆ ವಿಚಾರಿಸುವಾಗ, ಬೇರೆ ಬೆಕ್ಕುಗಳೊಡನೆ ಈಗಾಗಲೇ ಹೊಂದಿಕೊಂಡಿರುವ ಬೆಕ್ಕನ್ನೇ ಕೇಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕುವಂತಿಲ್ಲ, ಲಿಫ್ಟಿನಲ್ಲಿ ತರುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿದ್ದಾರೆ. ಇದು ಸರಿಯೇ?
– ಓದುಗರು, ಬೆಂಗಳೂರು

ಉತ್ತರ: ಸರಿಯಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ, ಲಿಫ್ಟು ಬಳಸದಂತೆ ತಡೆಯುವಂತಿಲ್ಲ. 2021ರಲ್ಲಿ ಕೇರಳ ಹೈಕೋರ್ಟು ಕೂಡ ಇಂಥ ನಿಷೇಧಗಳು ಕಾನೂನುಬಾಹಿರವೆಂದು ಹೇಳಿದೆ. ಆ ತೀರ್ಪು ಕರ್ನಾಟಕಕ್ಕೆ ನೇರವಾಗಿ ಅನ್ವಯಿಸದಿದ್ದರೂ ನಿಮ್ಮ ವಾದಕ್ಕೆ ಬಲ ಕೊಡುತ್ತದೆ. ಬಾಡಿಗೆದಾರರಾದರೆ ಮಾತ್ರ ಕರಾರಿನ ಷರತ್ತು ಬೇರೆ ಮಾತು. ಕಾನೂನು ನಿಮ್ಮ ಕಡೆಯಿದೆಯೆಂದು ನೆರೆಯವರ ತೊಂದರೆಯನ್ನು ಕಡೆಗಣಿಸಬೇಡಿ: ಮಲವನ್ನು ನೀವೇ ಎತ್ತಿ, ಲಿಫ್ಟಿನಲ್ಲಿ ಹಗ್ಗ ಗಿಡ್ಡವಾಗಿ ಹಿಡಿಯಿರಿ, ಭಯಪಡುವವರಿದ್ದರೆ ಮುಂದಿನ ಸರದಿಗೆ ಕಾಯಿರಿ.

ಪ್ರಶ್ನೆ: ಮನೆಯಲ್ಲಿ ಐದು ವರ್ಷದ ಮಗನಿದ್ದಾನೆ. ಆಶ್ರಯಧಾಮದ ನಾಯಿಯಿಂದ ರೇಬೀಸ್ ಬರುವುದಿಲ್ಲವೇ? ನಮ್ಮದು ಮಲೆನಾಡು, ಉಣ್ಣೆಯ ಭಯವೂ ಇದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಲಸಿಕೆ ಪಡೆದು, ಕೆಲವು ವಾರ ನಿಗಾದಲ್ಲಿದ್ದು ಆರೋಗ್ಯವಾಗಿರುವ ನಾಯಿಯಿಂದ ಆ ಭಯ ತೀರಾ ಕಡಿಮೆ. ಮೂರು ತಿಂಗಳ ವಯಸ್ಸಿಗೆ ಮೊದಲ ರೇಬೀಸ್ ಲಸಿಕೆ, ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ ಎಂಬುದು ನಮ್ಮಲ್ಲಿ ರೂಢಿ. ಹೀಗಿದ್ದರೂ ಯಾವ ನಾಯಿ ಕಚ್ಚಿದರೂ, ಹಲ್ಲು ತಾಗಿ ಚರ್ಮ ತರಚಿದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಮೆತ್ತಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ. ಮೊದಲೇ ಲಸಿಕೆ ಪಡೆದರೆ ಅದು ಬಾರದಂತೆ ತಡೆಯಬಹುದು.

ನಾಯಿ ತಿನ್ನುವಾಗ, ಮಲಗಿದಾಗ ಮುಟ್ಟಬಾರದು, ಅದರ ಮುಖಕ್ಕೆ ಮುಖವಿಟ್ಟು ಅಪ್ಪಿಕೊಳ್ಳಬಾರದು ಎಂದು ಮಗನಿಗೆ ನಾಯಿ ಬರುವ ಮೊದಲೇ ಕಲಿಸಿ, ಮತ್ತು ದೊಡ್ಡವರಿಲ್ಲದೆ ಅವರಿಬ್ಬರನ್ನೇ ಬಿಡಬೇಡಿ. ಇನ್ನು ಉಣ್ಣೆ: 1957ರಲ್ಲಿ ನಿಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಕಾಡಿನ ಉಣ್ಣೆಗಳಿಂದ ಹರಡುತ್ತದೆ. ಕಾಡಂಚಿನಲ್ಲಿ ಅಲೆದ ನಾಯಿ ಮೈಮೇಲೆ ಉಣ್ಣೆ ಹೊತ್ತು ತರಬಹುದಾದ್ದರಿಂದ, ಚಳಿಗಾಲದ ಮೊದಲಿನಿಂದ ಮುಂಗಾರಿನವರೆಗೆ ಅದನ್ನು ಕಾಡಿಗೆ ಬಿಡಬೇಡಿ, ಉಣ್ಣೆನಿರೋಧಕ ಔಷಧವನ್ನು ತಪ್ಪಿಸಬೇಡಿ. ಮಳೆಗಾಲದ ಇಲಿಜ್ವರದ ಲಸಿಕೆಯ ಬಗ್ಗೆಯೂ ನಿಮ್ಮ ಪಶುವೈದ್ಯರನ್ನು ಕೇಳಿ.

ಪ್ರಶ್ನೆ: ನನಗೆ 71 ವರ್ಷ. ನಿವೃತ್ತ ಶಿಕ್ಷಕ, ಒಬ್ಬನೇ ಇದ್ದೇನೆ. ನಾಯಿಯೊಂದು ಜೊತೆಗಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಈ ವಯಸ್ಸಿನಲ್ಲಿ ಇದು ಸರಿಯೇ?
– ಓದುಗರು, ಧಾರವಾಡ

ಉತ್ತರ: ಗುರುಗಳೇ, ಸರಿ ಮಾತ್ರವಲ್ಲ, ಆಶ್ರಯಧಾಮದಲ್ಲಿ ಯಾರೂ ಕೇಳದ ಒಂದು ಜೀವಕ್ಕೆ ನಿಮ್ಮಂಥವರ ಮನೆಯೇ ಹೆಚ್ಚು ಹೊಂದುತ್ತದೆ. ಏಳೆಂಟು ವರ್ಷ ದಾಟಿದ, ನಿಧಾನವಾಗಿ ನಡೆಯುವ, ಮಧ್ಯಮ ಗಾತ್ರದ ನಾಯಿಯನ್ನು ಕೇಳಿ. ಹಗ್ಗ ಜಗ್ಗಿ ನಿಮ್ಮನ್ನು ಬೀಳಿಸುವಂಥದ್ದು ಬೇಡ. ಒಂದು ಸುತ್ತು ನಡೆಸಿ ನೋಡಿಯೇ ಒಪ್ಪಿಕೊಳ್ಳಿ. ಇಂಥ ನಾಯಿಗೆ ಕೀಲುನೋವು, ಹಲ್ಲಿನ ತೊಂದರೆ ಇರಬಹುದಾದ್ದರಿಂದ ಔಷಧದ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ನುಣುಪು ನೆಲದ ಮೇಲೆ ಅದು ನಡೆಯುವ ದಾರಿಯಲ್ಲಿ ಜಮಖಾನೆ ಹಾಸಿ, ಆದರೆ ಅಂಚು ನಿಮ್ಮ ಕಾಲಿಗೆ ತೊಡರದಂತೆ ಇರಲಿ. ಮನಸ್ಸು ಹೊಯ್ದಾಡುತ್ತಿದ್ದರೆ, ಕೆಲವು ವಾರಗಳ ಮಟ್ಟಿಗೆ ನಾಯಿಯೊಂದನ್ನು ತಾತ್ಕಾಲಿಕವಾಗಿ ಮನೆಯಲ್ಲಿರಿಸಿಕೊಳ್ಳಲು ಕೊಡುತ್ತೀರಾ ಎಂದು ಸಂಸ್ಥೆಯನ್ನು ವಿಚಾರಿಸಿ.

ನೀವು ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅಥವಾ ನಿಮಗೆ ನೋಡಿಕೊಳ್ಳಲಾಗದಿದ್ದರೆ ನಾಯಿ ಯಾರ ಬಳಿಗೆ ಹೋಗುತ್ತದೆಂಬುದನ್ನು ಇಂದೇ ತೀರ್ಮಾನಿಸಿ. ಪ್ರಾಣಿಯನ್ನು ಹಸಿವಿಗೆ ಬಿಟ್ಟು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಬೇರೆ. ನಿಮ್ಮ ಮಟ್ಟಿಗೆ ಅದು ಮನಸ್ಸಿನ ನೆಮ್ಮದಿಯ ಪ್ರಶ್ನೆ. ಮಗನೋ ಮಗಳೋ ಹಳೆಯ ವಿದ್ಯಾರ್ಥಿಯೋ ನೆರೆಯವರೋ ಒಪ್ಪಿದರೆ, ಅವರ ಹೆಸರನ್ನೂ ಸಂಪರ್ಕ ಸಂಖ್ಯೆಯನ್ನೂ ದತ್ತು ಕರಾರಿನಲ್ಲೇ ಬರೆಸಿ. ಅವರು ವಾರಕ್ಕೊಮ್ಮೆ ಮನೆಗೆ ಬಂದು ನಾಯಿಗೆ ಒಂದು ಹೊತ್ತು ತಮ್ಮ ಕೈಯಿಂದಲೇ ಊಟ ಕೊಡುವಂತೆ ಮಾಡಿ.